ಹೊಡೆದ ಏಟು ಸೊಳ್ಳೆಗೆ ನೆನಪಿರುತ್ತಾ?

ಸೊಳ್ಳೆಗೆ ಚಟ್ ಅಂತ ಹೊಡೆದ್ರಿ, ತಪ್ಪಿಸಿಕೊಂಡು ಹೋಯ್ತು. ಬೇಜಾರಾಗ್ಬೇಡಿ, ಆ ಏಟು ಪೂರ್ತಿ ದಂಡ ಆಗಿಲ್ಲ.

2018ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗ ಇದು. ಡೆಂಗಿ ಹರಡೋ ಈಡಿಸ್ ಈಜಿಪ್ಟಿ ಹೆಣ್ಣು ಸೊಳ್ಳೆಗಳಿಗೆ ಮನುಷ್ಯರ ಮೈವಾಸನೆ ಬಿಟ್ಟು, ಜೊತೆಗೇ ಗಡಗಡ ಅಂತ ಕುಲುಕಿದ್ರು. ಲ್ಯಾಬ್‌ನಲ್ಲಿ ಟ್ಯೂಬ್ ಅಲ್ಲಾಡಿಸೋಕೆ ಇರುತ್ತಲ್ಲ, ಅದೇ ಮಷೀನ್‌ನಲ್ಲಿ! ಸೊಳ್ಳೆಯ ಲೆಕ್ಕದಲ್ಲಿ ಅದು ನಾವು ಕೈ ಬೀಸಿದ ಹಾಗೆ. 24 ಗಂಟೆ ಆದ್ಮೇಲೂ ಅವು ಆ ವಾಸನೆಯ ಹತ್ತಿರ ಸುಳಿಯೋಕೆ ಹಿಂಜರಿದವು. ಡೀಟ್ ಇರೋ ಸೊಳ್ಳೆ ಕ್ರೀಮ್‌ನಿಂದ ಎಷ್ಟು ದೂರ ಇರ್ತವೋ, ಹೆಚ್ಚುಕಮ್ಮಿ ಅಷ್ಟೇ.

ಇದನ್ನ ಕಲಿಸೋದು ಡೋಪಮೈನ್. ಹೌದು, ನಮ್ಮ ಮೆದುಳಲ್ಲೂ ಇರೋ ಅದೇ ರಾಸಾಯನಿಕ. ಅದರ ಸಂದೇಶ ಹಿಡಿಯೋ ಜೀನ್ ಕೆಡಿಸಿದ್ರೆ, ಏಟು ತಿಂದ ಸೊಳ್ಳೆಗೂ ಬುದ್ಧಿ ಬರಲ್ಲ.

ಮಜಾ ಏನ್ ಗೊತ್ತಾ? ಇಲಿ ವಾಸನೆಯಿಂದ ದೂರ ಇರೋದನ್ನ ಕಲಿತವು, ಕೋಳಿಯದ್ದು ಮಾತ್ರ ಎಷ್ಟು ಕುಲುಕಿದ್ರೂ ತಲೆಗೇ ಹತ್ತಲಿಲ್ಲ!

ಹಾಗಂತ ಸೊಳ್ಳೆ ಪರದೆ ಬಿಚ್ಚಿಡ್ಬೇಡಿ. ಪಾಠ ಕಲಿತಿದ್ದು ಆ ಒಂದು ಸೊಳ್ಳೆ. ಪಕ್ಕದ ನೀರಿನ ಡ್ರಮ್ಮಿನಿಂದ ಈಗಷ್ಟೇ ಎದ್ದು ಬಂದಿರೋದಕ್ಕೆ ನಿಮ್ಮ ಪರಿಚಯವೇ ಇಲ್ಲ.