ಹೊಲದಲ್ಲಿ ದುಡಿಯುವವರ ಮೂತ್ರಪಿಂಡ ರೋಗವೂ ಅದರ ನಿವಾರಣೋಪಾಯಗಳೂ

ವ್ಯವಸಾಯಕ್ಕೆ ಭೂಮಿ, ನೀರು, ಗೊಬ್ಬರ ಇವು ಎಷ್ಟು ಮುಖ್ಯವೋ ದುಡಿಯುವ ಆಳಿನ ದೇಹಬಲವೂ ಅಷ್ಟೇ ಮುಖ್ಯವಾದುದು. ಬಿಸಿಲೇರಿದೊಡನೆ ಎತ್ತುಗಳ ನೊಗ ಬಿಚ್ಚಿ, ನೀರು ಕುಡಿಸಿ, ನೆರಳಿನಲ್ಲಿ ಕಟ್ಟುವ ಪದ್ಧತಿಯು ಎಲ್ಲ ರೈತರಿಗೂ ತಿಳಿದುದೇ ಆಗಿದೆ. ಮನುಷ್ಯನ ವಿಷಯದಲ್ಲಿ ಈ ಎಚ್ಚರಿಕೆಯು ತಪ್ಪಿದರೆ ಅವನ ಮೂತ್ರಪಿಂಡಗಳು ಕೆಟ್ಟು, ನಡುವಯಸ್ಸಿನಲ್ಲಿಯೇ ಪ್ರಾಣಹಾನಿಯು ಸಂಭವಿಸಬಹುದೆಂದು ಈಚಿನ ಸಂಶೋಧನೆಗಳಿಂದ ತಿಳಿದುಬಂದಿರುತ್ತದೆ. ಆದುದರಿಂದ ಈ ವಿಷಯವು ಗ್ರಾಮದ ಮುಖಂಡರೂ ಜಮೀನುದಾರರೂ ಅರಿತಿರಬೇಕಾದುದಾಗಿದೆ.

ಮೂತ್ರಪಿಂಡಗಳ ಕೆಲಸ

ಮೂತ್ರಪಿಂಡಗಳು ಬೆನ್ನೆಲುಬಿನ ಎರಡು ಪಕ್ಕಗಳಲ್ಲಿರುವುವು. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮವಾದ ಶೋಧಕಗಳುಂಟು. ಇವು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬಹುಭಾಗವನ್ನು ರಕ್ತಕ್ಕೆ ಹಿಂದಿರುಗಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಕಲ್ಮಷಗಳೊಡನೆ ಮೂತ್ರರೂಪವಾಗಿ ಹೊರಕ್ಕೆ ಕಳುಹಿಸುವುವು. ಸುಡುಬಿಸಿಲಿನಲ್ಲಿ ಬೆವರು ಹರಿದು ದೇಹದ ನೀರು ಕಡಮೆಯಾದಾಗ ಮೂತ್ರಪಿಂಡಗಳಿಗೆ ಹೋಗುವ ರಕ್ತವೂ ಕಡಮೆಯಾಗುವುದು. ಒಂದು ದಿನದ ಹಾನಿಯು ತಾನಾಗಿಯೇ ಸರಿಹೋಗಬಹುದು. ದಿನದಿನವೂ, ಸುಗ್ಗಿಯ ಮೇಲೆ ಸುಗ್ಗಿಯೂ ಇದೇ ನಡೆದರೆ ಶೋಧಕಗಳ ಸುತ್ತಣ ಭಾಗವು ಗಾಯಗೊಂಡು ಗಟ್ಟಿಯಾಗಿ, ಮತ್ತೆ ಸುಧಾರಿಸುವುದಿಲ್ಲ.

ರೋಗವು ಕಂಡುಬಂದಿರುವ ಸ್ಥಳಗಳು

ಮೂತ್ರಪಿಂಡ ರೋಗಕ್ಕೆ ಸಾಮಾನ್ಯವಾದ ಕಾರಣಗಳು ಸಿಹಿಮೂತ್ರ ರೋಗ ಮತ್ತು ರಕ್ತದ ಒತ್ತಡ. ಆದರೆ 2002ರಲ್ಲಿ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದ ವೈದ್ಯರು ಪ್ರಕಟಿಸಿದ ವರದಿಯಂತೆ, ರೋಗದ ಕಡೆಯ ಅವಸ್ಥೆಯಲ್ಲಿ ಆಸ್ಪತ್ರೆಗೆ ಬಂದ 205 ಮಂದಿಯ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲು ಜನರಲ್ಲಿ ಈ ಕಾರಣಗಳು ಯಾವುವೂ ಇರಲಿಲ್ಲ. ಇವರಲ್ಲಿ ಬಹುಮಂದಿ ಗಂಡಸರು. ಹೆಚ್ಚಿನವರು ಬೇಸಾಯದ ಕೆಲಸದವರು. ನೆರೆಯ ನಿಕರಾಗುವದ ಕಬ್ಬು ಕಡಿಯುವವರಲ್ಲಿಯೂ, ಶ್ರೀಲಂಕೆಯ ಅನುರಾಧಪುರದ ಸೀಮೆಯ ಭತ್ತದ ರೈತರಲ್ಲಿಯೂ, ಆಂಧ್ರಪ್ರದೇಶದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಎಂಬ ತೆಂಗು ಗೋಡಂಬಿಗಳ ಸೀಮೆಯಲ್ಲಿಯೂ ಇಂತಹ ರೋಗವೇ ಹರಡಿರುವುದು. ಉದ್ದಾನಂ ಸೀಮೆಯ ರೋಗಿಗಳಿಗಾಗಿ 2023ರಲ್ಲಿ ಪಲಾಸದಲ್ಲಿ ಪ್ರತ್ಯೇಕ ಆಸ್ಪತ್ರೆಯನ್ನೇ ತೆರೆಯಬೇಕಾಯಿತು.

ಕಾರಣಗಳ ವಿಚಾರ

ಈ ರೋಗದ ಕಾರಣವು ಇನ್ನೂ ಪೂರ್ಣವಾಗಿ ನಿರ್ಣಯವಾಗಿಲ್ಲ. ಶ್ರೀಲಂಕೆ ಮತ್ತು ಉದ್ದಾನಗಳಲ್ಲಿ ಅಂತರ್ಜಲದ ಗಡಸುತನ, ಫ್ಲೋರೈಡು, ಕೀಟನಾಶಕ ಕಳೆನಾಶಕಗಳು ಮುಂತಾದುವುಗಳ ಮೇಲೆ ಶಂಕೆಯುಂಟು. ಮಧ್ಯ ಅಮೆರಿಕದಲ್ಲಿ ಮಾತ್ರ ಸೆಕೆ ಮತ್ತು ದೇಹಶ್ರಮಗಳೇ ಪ್ರಧಾನವೆಂಬುದಕ್ಕೆ ಬಲವಾದ ಆಧಾರಗಳಿವೆ. 2012ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ ಎಲ್ ಸಾಲ್ವಡಾರಿನ ಕಡಲತೀರದ ಕಬ್ಬಿನ ಗ್ರಾಮಗಳ ಗಂಡಸರಲ್ಲಿ ರೋಗವು ವಿಶೇಷವಾಗಿ ಕಂಡುಬಂದಿತು. ಎತ್ತರದ ತಂಪು ಸೀಮೆಯಲ್ಲಿ ಕಬ್ಬನ್ನೇ ಬೆಳೆಯುವವರಲ್ಲಿ ಅಷ್ಟಾಗಿ ಕಾಣಲಿಲ್ಲ.

ನೀರು, ನೆರಳು, ವಿಶ್ರಾಂತಿಗಳ ಪ್ರಯೋಗ

2014–15ರ ಸುಗ್ಗಿಯಲ್ಲಿ ಅದೇ ದೇಶದ ಕಬ್ಬಿನ ಗದ್ದೆಗಳಲ್ಲಿ ಒಂದು ಪ್ರಯೋಗವನ್ನು ನಡೆಸಲಾಯಿತು. ಪ್ರತಿ ಆಳಿಗೂ ಬೆನ್ನಿಗೆ ಕಟ್ಟಿಕೊಳ್ಳುವ ನೀರಿನ ಚೀಲ, ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಸಬಹುದಾದ ಚಪ್ಪರ, ಗೊತ್ತಾದ ವೇಳೆಗೆ ವಿಶ್ರಾಂತಿ, ಇವುಗಳೊಡನೆ ಸುಧಾರಿಸಿದ ಮಚ್ಚನ್ನೂ ಒದಗಿಸಿದರು. ಆಳುಗಳು ಕುಡಿದ ನೀರು ಅವರ ಹೇಳಿಕೆಯಂತೆ ನೂರಕ್ಕೆ 25ರಷ್ಟು ಹೆಚ್ಚಿತು. ಸೆಕೆಯ ತೊಂದರೆಗಳು ಕಡಮೆಯಾದುವು. ಕೆಲಸವು ಕುಗ್ಗುವುದೆಂಬ ಭಯವಿದ್ದಲ್ಲಿ, ಆಳೊಬ್ಬನು ದಿನಕ್ಕೆ ಕಡಿಯುವ ಕಬ್ಬು 5.1 ಟನ್ನಿನಿಂದ 7.3 ಟನ್ನಿಗೆ ಏರಿತು. ಇದರಲ್ಲಿ ಹೊಸ ಮಚ್ಚಿನ ಪಾಲೂ ಇದ್ದಿರಬಹುದು; ಆದರೂ ವಿಶ್ರಾಂತಿಯಿಂದ ಮಾಲೀಕನಿಗೆ ನಷ್ಟವೆಂಬ ಮಾತಿಗೆ ಇಲ್ಲಿ ಆಧಾರ ದೊರೆಯಲಿಲ್ಲ.

ಚಿಕಿತ್ಸೆ

ಕೆಟ್ಟುಹೋದ ಭಾಗವನ್ನು ಮೊದಲಿನಂತೆ ಮಾಡುವ ಔಷಧವು ಇಲ್ಲ. ರೋಗದ ವೇಗವನ್ನು ತಗ್ಗಿಸಬಹುದು. 2020ರಲ್ಲಿ ಪ್ರಕಟವಾದ, ಸುಮಾರು 4,300 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಸಿಹಿಮೂತ್ರ ರೋಗಕ್ಕೆಂದು ಬಳಕೆಗೆ ಬಂದಿದ್ದ ಡಾಪಾಗ್ಲಿಫ್ಲೋಜಿನ್ ಎಂಬ ಮಾತ್ರೆಯು ಆ ರೋಗವಿಲ್ಲದವರಲ್ಲಿಯೂ ಮೂತ್ರಪಿಂಡಗಳ ಕ್ಷಯವನ್ನು ತಡೆಯಲು ಸಹಾಯಕವೆಂದು ಕಂಡುಬಂದಿತು. ಆದರೆ ಆ ಪ್ರಯೋಗವು ಮೂತ್ರದಲ್ಲಿ ಅಲ್ಬುಮಿನ್ ಹೆಚ್ಚಾಗಿ ಹೋಗುವವರಲ್ಲಿ ನಡೆದುದು. ಹೊಲದ ಆಳುಗಳ ರೋಗದಲ್ಲಿ ಅದು ಸಾಮಾನ್ಯವಾಗಿ ಅಲ್ಪವಾಗಿರುವುದು. ಕಡೆಯ ಅವಸ್ಥೆಯಲ್ಲಿ ಯಂತ್ರದಿಂದ ರಕ್ತವನ್ನು ಶುದ್ಧಿಮಾಡುವ ಡಯಾಲಿಸಿಸ್ ಅಥವಾ ಬೇರೊಬ್ಬರ ಮೂತ್ರಪಿಂಡವನ್ನು ಜೋಡಿಸುವುದು, ಇವೆರಡೇ ಉಪಾಯಗಳು. ಬಡವರಿಗಾಗಿ ಕೇಂದ್ರ ಸರಕಾರವು 2016ರಲ್ಲಿ ಜಿಲ್ಲಾ ಆಸ್ಪತ್ರೆಗಳ ಮೂಲಕ ಡಯಾಲಿಸಿಸ್ ಯೋಜನೆಯನ್ನು ಘೋಷಿಸಿತು. ಆದರೂ ವಾರಕ್ಕೆ ಎರಡು ಮೂರು ದಿನ ಆಸ್ಪತ್ರೆಗೆ ಹೋಗಿಬರಬೇಕಾದವನು ಹೊಲದ ಕೆಲಸಕ್ಕೆ ಮರಳುವುದು ಕಷ್ಟವೇ ಸರಿ.

ಜಮೀನುದಾರರು ಗಮನಿಸತಕ್ಕ ಅಂಶಗಳು

1. ಕೆಲಸ ನಡೆಯುವ ಸ್ಥಳದಲ್ಲಿಯೇ ಶುದ್ಧವಾದ ನೀರನ್ನಿಡತಕ್ಕದ್ದು. ಬಿಸಿಲಿನಲ್ಲಿ 15–20 ನಿಮಿಷಗಳಿಗೊಮ್ಮೆ ಒಂದು ಲೋಟ ನೀರು ಕುಡಿಯುವುದು ಉತ್ತಮ. ನಡುನಡುವೆ ಮಜ್ಜಿಗೆ, ಅಂಬಲಿಗಳನ್ನು ಕೊಡಬಹುದು. ಬಾಯಾರಿದ ಇಲಿಗಳಿಗೆ ನೀರಿನ ಬದಲು ಸಿಹಿಪಾನೀಯವನ್ನು ಕೊಟ್ಟಾಗ ಮೂತ್ರಪಿಂಡಗಳ ಹಾನಿಯು ಹೆಚ್ಚಿತೆಂದು 2016ರ ಪ್ರಯೋಗವು ತೋರಿಸಿದೆ.

2. ಮರದ ನೆರಳಿಲ್ಲದೆಡೆ ಸೋಗೆಯ ಚಪ್ಪರವನ್ನಾದರೂ ಹಾಕಿಸತಕ್ಕದ್ದು. ಭಾರಿ ಕೆಲಸವನ್ನು ಬೆಳಗ್ಗೆ ಬೇಗ ಆರಂಭಿಸಿ, ನಡುಹಗಲು ಬಿಡಿಸುವುದು ಒಳ್ಳೆಯದು.

3. ಕಬ್ಬು ಕಡಿಯುವ ತಂಡಗಳಿಗೆ ಕರ್ನಾಟಕದಲ್ಲಿಯೂ ಟನ್ನಿನ ಲೆಕ್ಕದಲ್ಲಿ ಕೂಲಿ ಸಲ್ಲುವುದುಂಟು. ಕೂಲಿಯು ಕಡಮೆಯಾದೀತೆಂದು ಅಂತಹ ಆಳು ತಾನಾಗಿ ಕೂರುವುದಿಲ್ಲ. ಆದುದರಿಂದ ವಿಶ್ರಾಂತಿಯ ವೇಳೆಯನ್ನು ಮಾಲೀಕನೇ ಗೊತ್ತುಮಾಡಿ, ತಂಡವೆಲ್ಲವೂ ಒಟ್ಟಿಗೆ ಕೂರುವಂತೆ ನೋಡತಕ್ಕದ್ದು.

4. ಹೊಸದಾಗಿ ಬಂದವರಿಗೆ ಮೊದಲ ವಾರ ಕೆಲಸವನ್ನು ಕ್ರಮಕ್ರಮವಾಗಿ ಹೆಚ್ಚಿಸತಕ್ಕದ್ದು.

5. ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಂತಾದ ಮಾತ್ರೆಗಳನ್ನು ತಂದು ಪದೇ ಪದೇ ನುಂಗುವುದನ್ನು ತಡೆಯಬೇಕು. ಮೈಯಲ್ಲಿ ನೀರು ಬತ್ತಿರುವಾಗ ಇವು ಮೂತ್ರಪಿಂಡಗಳಿಗೆ ಹೆಚ್ಚು ಅಪಾಯಕರ.

6. ಈ ರೋಗವು ಬಹುಕಾಲ ಯಾವ ನೋವನ್ನೂ ತೋರಿಸದು. ಆದುದರಿಂದ ಸುಗ್ಗಿಯ ಮೊದಲೂ ಕಡೆಯಲ್ಲಿಯೂ ಆಳುಗಳ ರಕ್ತದಲ್ಲಿರುವ ಕ್ರಿಯಾಟಿನೀನ್ ಅಂಶವನ್ನು ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸುವುದಕ್ಕೆ ಗ್ರಾಮದ ಮುಖಂಡರು ಏರ್ಪಾಡು ಮಾಡಬೇಕು.

ಒಂದು ಚಪ್ಪರ, ನಾಲ್ಕು ಕೊಡ ನೀರು, ಗಂಟೆಗೊಮ್ಮೆ ಸ್ವಲ್ಪ ವಿಶ್ರಾಂತಿ, ಇವುಗಳಿಗೆ ತಗಲುವ ವೆಚ್ಚವು ಬಹು ಅಲ್ಪ. ದುಡಿಯುವವನು ಹಾಸಿಗೆ ಹಿಡಿದರೆ ಅವನ ಸಂಸಾರಕ್ಕಾಗುವ ಕಷ್ಟವನ್ನೂ ಊರಿಗಾಗುವ ನಷ್ಟವನ್ನೂ ಹಣದಿಂದ ತುಂಬಲಾಗದು. ಬರುವ ಬೇಸಗೆಗೆ ಮೊದಲೇ ಪ್ರತಿಯೊಂದು ಗ್ರಾಮದಲ್ಲಿಯೂ ಈ ಕ್ರಮಗಳು ಜಾರಿಗೆ ಬರುವುದು ಅತ್ಯವಶ್ಯಕವಾಗಿದೆ.