ಬೆಕ್ಕಿಗೂ ಡಾಕ್ಟರ್ ಬೇಕು



ಕೊಟ್ಟಿಗೆಯ ಹಸುವಿಗೆ ಕೆಚ್ಚಲು ಬಾವು ಬಂದರೆ ನಮ್ಮೂರಲ್ಲಿ ಸರಿರಾತ್ರಿಯಾದರೂ ಪಶು ಡಾಕ್ಟರಿಗೆ ಫೋನ್ ಹೋಗುತ್ತದೆ. ಅದೇ ಬೆಕ್ಕು ಮೂರು ದಿನ ಊಟ ಬಿಟ್ಟು ಅಟ್ಟದ ಮೂಲೆಯಲ್ಲಿ ಮುದುಡಿ ಕೂತರೆ, "ಅದಕ್ಕೇನಾಗುತ್ತೆ, ಗರಿಕೆ ತಿಂದು ಕಕ್ಕಿ ತಾನೇ ಸರಿಯಾಗುತ್ತೆ ಬಿಡು" ಅಂತಾರೆ. ಹಸು ಹಾಲು ಕೊಡುತ್ತದೆ, ಡೈರಿಯಿಂದ ದುಡ್ಡು ಬರುತ್ತದೆ, ಒಪ್ಪಿದೆ. ಆದರೆ ಪಣತದ ಭತ್ತವನ್ನು ಇಲಿಯಿಂದ ಉಳಿಸುವುದು ಯಾರು? ಪಶು ಆಸ್ಪತ್ರೆಯಲ್ಲಿ ಕೇಳಿದ್ದು, ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟದ್ದು, ಮನೆಯಲ್ಲಿ ಕಂಡದ್ದು ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ. ಅಕ್ಷರ ಸಣ್ಣದಾಯಿತು ಅನ್ನುವವರು ಹತ್ತಿರ ಬಂದು ಓದಿ, ಆದರೆ ಹಾಳೆಗೆ ಒರಗಬೇಡಿ.

ಬೆಕ್ಕು ಬಸುರಾಗಿ ಸುಮಾರು 63ರಿಂದ 65 ದಿನಕ್ಕೆ ಮರಿ ಹಾಕುತ್ತದೆ. ಆಗ ಅದಕ್ಕೆ ಬೇಕಾದದ್ದು ಕತ್ತಲಿರುವ ಬೆಚ್ಚನೆಯ ಜಾಗ ಮತ್ತು ಹೆಚ್ಚು ಊಟ. ಅರ್ಧ ಗಂಟೆ ಜೋರಾಗಿ ತಿಣುಕಿದರೂ ಮರಿ ಬರದಿದ್ದರೆ ಮಾತ್ರ ಡಾಕ್ಟರ್ ಬೇಕು. ಉಳಿದಂತೆ ನಾವು ದೂರ ಇರುವುದೇ ಒಳ್ಳೆಯದು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ಅಜ್ಜಿಯರು ಹೇಳುತ್ತಾರಲ್ಲ, ಅದು ಲೆಕ್ಕ ಇಟ್ಟು ಏಳು ಮನೆ ಮಾಡುವುದಿಲ್ಲ. ಜನ ಹೋಗಿ ಹೋಗಿ ಇಣುಕಿದರೆ ಹೆದರಿ ಜಾಗ ಬದಲಿಸುತ್ತದೆ, ಅಷ್ಟೆ.

ಹುಟ್ಟಿದಾಗ ಮರಿಯ ತೂಕ ಸುಮಾರು 100 ಗ್ರಾಂ. ದಿನಕ್ಕೆ 10 ಗ್ರಾಂನಷ್ಟು ಏರಬೇಕು. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇದನ್ನು ನೋಡಬಹುದು (ಅಂಗಡಿಯವರು ಒಪ್ಪಿದರೆ!). ಕರುವಿಗೆ ಗಿಣ್ಣದ ಹಾಲು ಹೇಗೋ ಮರಿಗೆ ತಾಯಿಯ ಮೊದಲ ದಿನದ ಹಾಲು ಹಾಗೆ. ರೋಗ ತಡೆಯುವ ಶಕ್ತಿ ಅದರಲ್ಲೇ ಬರುವುದು. ತಾಯಿ ಸತ್ತ ಮರಿ ಸಿಕ್ಕಿದರೆ ನಾವೆಲ್ಲ ಮೊದಲು ಓಡುವುದು ಹಾಲು ತರಲಿಕ್ಕೆ. ಹಾಗಲ್ಲ, ಮೊದಲು ಬೆಚ್ಚಗೆ ಮಾಡಬೇಕು. ಮೈ ತಣ್ಣಗಿರುವ ಮರಿಗೆ ಹಾಲು ಅರಗುವುದಿಲ್ಲ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಕುಡಿಸುವಾಗ ಕೂಸಿನ ಹಾಗೆ ಅಂಗಾತ ಮಲಗಿಸಬೇಡಿ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಕೆಳಗಾಗಿ ಹಿಡಿದು ಕುಡಿಸಬೇಕು. ಇನ್ನೊಂದು ಸಂಗತಿ ಕೇಳಿ ನನಗೇ ಆಶ್ಚರ್ಯವಾಯಿತು. ಮೊದಲ ಮೂರು ವಾರ ಮರಿ ತಾನಾಗಿ ಉಚ್ಚೆ ಮಾಡಲಾರದು. ತಾಯಿ ನೆಕ್ಕಿದರೇ ಆಗುವುದು. ತಾಯಿ ಇಲ್ಲದಿದ್ದರೆ ಪ್ರತಿ ಸಲ ಹಾಲು ಕುಡಿಸಿದ ಮೇಲೆ ಒದ್ದೆ ಬಟ್ಟೆಯಿಂದ ನಾವು ಮೆಲ್ಲಗೆ ಒರೆಸಬೇಕು.

ಯಾವ ಹಾಲು ಅಂತ ಕೇಳುತ್ತೀರಿ. ಬೆಕ್ಕಿನ ಮರಿಗೆಂದೇ ಹಾಲಿನ ಪುಡಿ ಸಿಗುತ್ತದೆ, ಅದೇ ಸರಿ. ಹಸುವಿನ ಹಾಲು ಹೆಚ್ಚಿನ ಮರಿಗಳಿಗೆ ಬೇಧಿ ಹಿಡಿಸುತ್ತದೆ. ದೊಡ್ಡ ಬೆಕ್ಕಿನ ಕಥೆಯೂ ಅದೇ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಅರಗಿಸುವ ಶಕ್ತಿ ಬೆಳೆದ ಬೆಕ್ಕಿಗೆ ಕಡಿಮೆಯಾಗುತ್ತದೆ. ಕೃಷ್ಣದೇವರಾಯ ಕೊಟ್ಟ ಬೆಕ್ಕಿಗೆ ತೆನಾಲಿ ರಾಮ ಕುದಿಯುವ ಹಾಲಿಟ್ಟು, ಆಮೇಲೆ ಅದು ಹಾಲು ಕಂಡರೆ ಓಡುವಂತೆ ಮಾಡಿದನಂತೆ. ಆ ಬೆಕ್ಕಿನ ಬಾಯಿ ಸುಟ್ಟಿತು ಪಾಪ, ಹೊಟ್ಟೆಯಾದರೂ ಚೆನ್ನಾಗಿದ್ದಿರಬೇಕು! ಬೆಕ್ಕಿಗೆ ಮಾಂಸ ಬೇಕೇ ಬೇಕು. ಅದರಲ್ಲಿರುವ ಟಾರಿನ್ ಎಂಬ ವಸ್ತು ಸಿಗದಿದ್ದರೆ ಕಣ್ಣು ಮಂಜಾಗುತ್ತದೆ, ಹೃದಯ ಸೋಲುತ್ತದೆ. ಹೃದಯದ ವಿಷಯ 1987ರಲ್ಲಿ ಅಮೆರಿಕದ ಪಶುವೈದ್ಯರು ಕಂಡುಹಿಡಿದದ್ದು. ನಮ್ಮ ಕಡೆ ಮೊಸರನ್ನ ಹಾಕುವ ಮನೆಗಳ ಬೆಕ್ಕು ಹೊರಗೆ ಇಲಿ ಹಿಡಿದು ಬದುಕಿಕೊಳ್ಳುತ್ತದೆ. ಒಳಗೇ ಕೂಡಿಹಾಕಿದರೆ ಅದಕ್ಕೆ ಮೊಸರನ್ನ ಸಾಲದು.

ಹೊಟ್ಟೆ ಮಡಕೆಯಂತೆ, ಬೆನ್ನು ಕಡ್ಡಿಯಂತೆ ಇರುವ ಮರಿಗೆ ಜಂತುಹುಳ ಇದೆ ಎಂದೇ ತಿಳಿಯಿರಿ. ತಾಯಿ ಹಾಲಿನಿಂದಲೂ ಹುಳ ಬರುತ್ತದೆ. ಹಾಗಾಗಿ ಎರಡು ಮೂರು ವಾರದ ಮರಿಗೇ ಔಷಧ ಶುರು. ಎರಡು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ತೂಕ ನೋಡಿ ಡಾಕ್ಟರೇ ಅಳತೆ ಹೇಳಬೇಕು. ಶಾಲೆಯಲ್ಲಿ ನಮಗೆ ಕೊಡುವ ಮಾತ್ರೆಯನ್ನು ಮುರಿದು ಹಾಕುವುದಲ್ಲ.

ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರದವರೆಗೆ. ಇದು ಮುಖ್ಯವಾಗಿ ಪ್ಯಾನ್‌ಲ್ಯುಕೋಪೀನಿಯಾ ಎಂಬ ರೋಗಕ್ಕೆ. ಹೆಸರು ಬಾಯಿಗೆ ಬರುವುದಿಲ್ಲ, ರೋಗ ಮಾತ್ರ ಮನೆಯಿಂದ ಮನೆಗೆ ಬರುತ್ತದೆ. ವಾಂತಿ, ಬೇಧಿ, ನೀರಿನ ಬಟ್ಟಲ ಮುಂದೆ ತಲೆ ಬಾಗಿಸಿ ಕೂತರೂ ಕುಡಿಯಲಾಗದ ಸ್ಥಿತಿ. ಮರಿಗಳು ಎರಡು ಮೂರು ದಿನದಲ್ಲಿ ಹೋಗಿಬಿಡುತ್ತವೆ. "ದೃಷ್ಟಿಯಾಯಿತು" ಅನ್ನುತ್ತಾರೆ ಜನ. ಇದರ ವೈರಸ್ ಒಂದು ವರ್ಷ ಕೂಡ ಅಲ್ಲೇ ಬದುಕಬಲ್ಲದು. ಫಿನಾಯಿಲ್ ಹಾಕಿ ತೊಳೆಯಬೇಡಿ, ಫಿನಾಯಿಲ್ ಬೆಕ್ಕಿಗೇ ವಿಷ. ಬ್ಲೀಚಿಂಗ್ ಪೌಡರ್ ನೀರಿನಿಂದ ತೊಳೆದು ಆಮೇಲೆ ಬರೀ ನೀರು ಹಾಕಬೇಕು. ಈ ಲಸಿಕೆ ಎಲ್ಲ ಪಶು ಆಸ್ಪತ್ರೆಯಲ್ಲಿ ಇರುತ್ತದೆಂದು ಹೇಳಲಾಗದು, ಮೊದಲೇ ಕೇಳಿಕೊಂಡು ಹೋಗಿ.

ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಇದನ್ನು ದಯವಿಟ್ಟು ಎಲ್ಲರೂ ನಿಧಾನವಾಗಿ ಓದಿ, ಯಾಕೆಂದರೆ ಇದು ಬೆಕ್ಕಿನ ವಿಷಯ ಮಾತ್ರ ಅಲ್ಲ. ಹೆಸರು ಹುಚ್ಚುನಾಯಿ ರೋಗ ಆದರೂ ಅದು ಬೆಕ್ಕಿಗೂ ಬರುತ್ತದೆ, ಬೆಕ್ಕಿನಿಂದ ನಮಗೂ ಬರುತ್ತದೆ. ಲಕ್ಷಣ ಶುರುವಾದ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ತರಗತಿಯಲ್ಲಿ ನಾನು ಕೇಳಿ ನೋಡಿದೆ: ಬೆಕ್ಕು ಪರಚಿದ್ದನ್ನು ಮನೆಯಲ್ಲಿ ಹೇಳದೆ ಮುಚ್ಚಿಟ್ಟವರು ಹನ್ನೊಂದು ಜನ! ಕಾರಣ ಕೇಳಿದರೆ "ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಹಾಕ್ತಾರಂತೆ" ಎಂಬ ಹೆದರಿಕೆ. ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಗಿದೆ. ಈಗ ತೋಳಿಗೆ ಹಾಕುತ್ತಾರೆ. ಮೊದಲ ದಿನ, 3, 7, 28ನೇ ದಿನ, ಹೀಗೆ; ಸೂಜಿ ಹಾಕುವ ವಿಧಾನ ನೋಡಿ 14ನೇ ದಿನವೂ ಸೇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಿಲ್ಲ.

ಕಚ್ಚಿದ ಅಥವಾ ಪರಚಿದ ಕೂಡಲೇ ನಲ್ಲಿಯ ಕೆಳಗೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಹದಿನೈದು ನಿಮಿಷ ಅಂದರೆ ನಮ್ಮ ಅರ್ಧ ಪೀರಿಯಡ್‌ಗೆ ಹತ್ತಿರ, ಸುಮ್ಮನೆ ನೀರು ಚಿಮುಕಿಸುವುದಲ್ಲ. ಸುಣ್ಣ, ಖಾರದ ಪುಡಿ, ಕಾಫಿ ಪುಡಿ ಯಾವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಕ್ತ ಬಂದಿದ್ದರೆ ಗಾಯಕ್ಕೇ ಹಾಕುವ ಇನ್ನೊಂದು ಔಷಧವೂ ಬೇಕಾಗುತ್ತದೆ. ನಮ್ಮ ಬೆಕ್ಕಿಗೆ ಲಸಿಕೆ ಆಗಿದೆ ಅಂತ ಸುಮ್ಮನಾಗಬೇಡಿ, ಅದನ್ನೂ ಡಾಕ್ಟರಿಗೇ ಹೇಳಿ, ಅವರು ತೀರ್ಮಾನಿಸಲಿ.

ಇನ್ನು ಮರಿಗಳ ಸಂಖ್ಯೆ. ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಬಸುರಾಗಬಹುದು, ಮರಿಗೆ ಹಾಲೂಡುತ್ತಿರುವಾಗಲೇ ಮತ್ತೆ ಬಸುರಾಗಬಹುದು. ವರ್ಷಕ್ಕೆ ಎರಡು ಸಲ, ಸಲಕ್ಕೆ ನಾಲ್ಕು ಎಂದರೂ ಎಂಟಾಯಿತು. ಅಷ್ಟನ್ನು ಸಾಕುವವರು ಯಾರು? ಅದಕ್ಕೇ ಕಣ್ಣು ಬಿಡದ ಮರಿಗಳನ್ನು ಗೊಬ್ಬರದ ಚೀಲಕ್ಕೆ ತುಂಬಿ ಸಂತೆ ಮೈದಾನದಲ್ಲೋ ಹಳ್ಳದ ದಂಡೆಯಲ್ಲೋ ಬಿಟ್ಟು ಬರುತ್ತಾರೆ. ಬಿಟ್ಟವರು ಕೆಟ್ಟವರಲ್ಲ, ದಾರಿ ಗೊತ್ತಿಲ್ಲ. ಐದಾರು ತಿಂಗಳಿಗೆ ಸಂತಾನಹರಣ ಆಪರೇಷನ್ ಮಾಡಿಸಿದರೆ ಇದೆಲ್ಲ ಇಲ್ಲ. ಹೆಣ್ಣಿಗೆ ಮುಂದೆ ಮೊಲೆಯ ಗೆಡ್ಡೆ ಬರುವ ಸಂಭವ ಬಹಳ ಇಳಿಯುತ್ತದೆ, ಗಂಡು ಊರೂರು ಅಲೆದು ಕಚ್ಚಾಡುವುದು ಕಡಿಮೆಯಾಗುತ್ತದೆ. "ಆಮೇಲೆ ಇಲಿ ಹಿಡಿಯಲ್ಲ" ಎಂಬ ಮಾತು ಸುಳ್ಳು. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಆಗದಿದ್ದರೆ ಶಿವಮೊಗ್ಗ, ಹಾಸನ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಆಸ್ಪತ್ರೆ ಇದೆ.

ದೊಡ್ಡ ಬೆಕ್ಕಿಗೆ ರೋಗಕ್ಕಿಂತ ನಮ್ಮ ಕೈಯಿಂದಲೇ ಅಪಾಯ ಜಾಸ್ತಿ. ಜ್ವರದ ಪ್ಯಾರಾಸಿಟಮಾಲ್ ಮಾತ್ರೆ ನಮಗೆ ಔಷಧ, ಬೆಕ್ಕಿಗೆ ವಿಷ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಅದರ ಪಿತ್ತಜನಕಾಂಗಕ್ಕಿಲ್ಲ. ನಮ್ಮ ಕೇರಿಯಲ್ಲಿ ಒಬ್ಬರು ಪ್ರೀತಿಯಿಂದಲೇ ಅರ್ಧ ಮಾತ್ರೆ ಅನ್ನದಲ್ಲಿ ಕಲಸಿ ಹಾಕಿದರು. ಸಂಜೆಗೆ ಮುಖ ಊದಿ, ಒಸಡು ಕಂದು ಬಣ್ಣಕ್ಕೆ ತಿರುಗಿತು, ಮರುದಿನ ಬೆಕ್ಕು ಇರಲಿಲ್ಲ. ಇಲಿ ಪಾಷಾಣದ್ದೂ ಹೀಗೆಯೇ, ವಿಷ ತಿಂದ ಇಲಿಯನ್ನು ಬೆಕ್ಕು ತಿನ್ನುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಇಲಿ ಬಿಲ್ಲೆಯಾದರೆ ಕೆಲವು ದಿನ ಕಳೆದ ಮೇಲೆ ರಕ್ತ ಸೋರಲು ಶುರುವಾಗುತ್ತದೆ. ಬೇಗ ಹೋದರೆ ಅದಕ್ಕೆ ವಿಟಮಿನ್ ಕೆ ಮದ್ದುಂಟು, ಬಿಲ್ಲೆಯ ಕವರನ್ನೂ ಹಿಡಿದುಕೊಂಡು ಹೋಗಿ. ಗಂಡು ಬೆಕ್ಕು ಉಚ್ಚೆಗೆ ಕೂತು ಕೂತು ತಿಣುಕಿ ಕೂಗುತ್ತಿದ್ದರೆ ಮಲಬದ್ಧತೆ ಅಂತ ಎಣ್ಣೆ ಕುಡಿಸಬೇಡಿ. ಮೂತ್ರ ಕಟ್ಟಿದೆ, ಒಂದೆರಡು ದಿನದಲ್ಲಿ ಜೀವ ಹೋಗಬಹುದು.

ಬೆಕ್ಕಿನ ಮೊದಲ ವರ್ಷ ನಮ್ಮ 15 ವರ್ಷಕ್ಕೆ ಸಮ, ಎರಡಕ್ಕೆ 24, ಆಮೇಲೆ ವರ್ಷಕ್ಕೆ ನಾಲ್ಕರಂತೆ ಕೂಡಿಸಿ. ಹತ್ತು ವರ್ಷದ ಬೆಕ್ಕು ಎಂದರೆ 56 ವಯಸ್ಸಿನವರು. ಮುದಿ ಬೆಕ್ಕು ಪದೇ ಪದೇ ನೀರು ಕುಡಿದು ಸೊರಗಿದರೆ ಮೂತ್ರಪಿಂಡ ಸೋಲುತ್ತಿರಬಹುದು. ನೀರು ಜಾಸ್ತಿ ಕುಡಿಯಿತೆಂದು ಬಟ್ಟಲು ತೆಗೆದಿಡುವುದು ಬಲು ತಪ್ಪು. ಊಟದ ಮುಂದೆ ಕೂತು ತಿನ್ನದಿದ್ದರೆ ಹಲ್ಲು ನೋವಿರುತ್ತದೆ. ಮೀನನ್ನು ಮುಳ್ಳು ತೆಗೆದು ಹಿಸುಕಿ ಹಾಕಿ, ಡಾಕ್ಟರಿಗೆ ಬಾಯಿ ತೋರಿಸಿ.

ಕೊನೆಗೊಂದು ಪ್ರಕಟಣೆ. ಬಿಸಿಯೂಟದ ಕೋಣೆಯ ಹಿಂದೆ ಬೂದು ಬೆಕ್ಕು ನಾಲ್ಕು ಮರಿ ಹಾಕಿದೆ. ಚೀಲದಲ್ಲಿ ಹಾಕಿ ಬಿಡುವ ಮಾತು ನಡೆದಿತ್ತು, ಎಂಟು ವಾರ ಕಾಯಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಬೇಕಾದವರು ಮನೆಯಲ್ಲಿ ಕೇಳಿ ಈ ಹಾಳೆಯ ಕೆಳಗೆ ಹೆಸರು ಬರೆಯಿರಿ. ಎರಡು ಹೆಸರು ಬಂದಿವೆ, ಇನ್ನೂ ಎರಡು ಬೇಕು. ಹೆಣ್ಣುಮರಿ ಬೇಡ ಅನ್ನುವವರು ದಯವಿಟ್ಟು ಆಪರೇಷನ್ ಬಗ್ಗೆ ಬರೆದದ್ದನ್ನು ಮತ್ತೊಮ್ಮೆ ಓದಿ ಬನ್ನಿ, ಉಳಿದಿರುವ ಎರಡೂ ಹೆಣ್ಣೇ.

— ಒಂಬತ್ತನೇ ತರಗತಿಯ ವಿದ್ಯಾರ್ಥಿನಿ