ಬಿರುಕಿಗೆ ಬೆಸುಗೆ ಸಾಕೇ?



ಕಾಫಿ, ಅಡಿಕೆಯ ಧಾರಣೆ ಬಿಟ್ಟು ಕಾರ್ಯದರ್ಶಿ ಈ ಸಲ ಹಳೆಯ ಕಾರಿನ ಕಥೆ ಹೇಳಹೊರಟನೇ ಎಂದು ತಾವು ಹುಬ್ಬೇರಿಸಬಹುದು. ಜೀಪು, ಪಿಕಪ್ಪುಗಳನ್ನೇ ನಂಬಿರುವ ನಮಗೆ ಇದರಲ್ಲೊಂದು ಪಾಠವಿದೆಯೆಂದು ಬರೆಯುತ್ತಿದ್ದೇನೆ.

ಕಳೆದ ಬೇಸಿಗೆಯಲ್ಲಿ ಮಗಳ ಮನೆಗೆಂದು ಇಂಗ್ಲೆಂಡಿನ ಕವೆಂಟ್ರಿಗೆ ಹೋಗಿದ್ದೆ. ನೆರೆಮನೆಯ ಹಿರಿಯರ ಬಳಿ ಟ್ರಯಂಫ್ ಟಿಆರ್6 ಎಂಬ ಸ್ಪೋರ್ಟ್ಸ್ ಕಾರಿತ್ತು. ಆರು ಸಿಲಿಂಡರು, 2498 ಸಿ.ಸಿ. ಎಂಜಿನು. ಅದೇ ಊರಿನ ಕಾರ್ಖಾನೆಯಲ್ಲಿ 1968ರಿಂದ 1976ರವರೆಗೆ ಇಂಥ 90 ಸಾವಿರಕ್ಕೂ ಹೆಚ್ಚು ಕಾರುಗಳು ತಯಾರಾಗಿದ್ದವು. ಅದನ್ನು ಮೊಮ್ಮಗಳ ಕೈಗೆ ಒಪ್ಪಿಸಬೇಕೆಂದು ಅವರ ಆಸೆ. ಆದರೆ ಕ್ಲಚ್ ಬಿಟ್ಟಾಗಲೂ, ಆಕ್ಸಿಲರೇಟರಿನಿಂದ ಕಾಲೆತ್ತಿದಾಗಲೂ ಹಿಂಭಾಗದಲ್ಲಿ 'ಡಬ್' ಎಂಬ ಸದ್ದು.

ನಮ್ಮ ಹಳೆಯ ಜೀಪುಗಳಲ್ಲಿ ಡಿಫರೆನ್ಷಿಯಲ್ ಹಿಂದಿನ ಆಕ್ಸಲಿನ ಒಡಲಲ್ಲೇ ಇದ್ದು ಅದರೊಡನೆ ಏರಿಳಿಯುತ್ತದೆ. ಈ ಕಾರಿನಲ್ಲಿ ಹಿಂದಿನ ಎರಡು ಚಕ್ರಗಳೂ ಪ್ರತ್ಯೇಕವಾಗಿ ಏರಿಳಿಯುವುದರಿಂದ ಡಿಫರೆನ್ಷಿಯಲನ್ನು ರಬ್ಬರ್ ಬುಷ್ ಕೊಟ್ಟು ಚಾಸಿಗೇ ಬಿಗಿದಿದ್ದಾರೆ. ಚಾಸಿಯ ನಾಲ್ಕು ಪಿನ್ನುಗಳೇ ಅದಕ್ಕೆ ಆಧಾರ. ಎಂಜಿನಿನ ಬಲ ಬಂದೊಡನೆ ಡಿಫರೆನ್ಷಿಯಲಿನ ಮೂತಿ ಮೇಲೇಳಲು ನೋಡುತ್ತದೆ. ಶಾಫ್ಟು ತಿರುಗುವ ಕಡೆಗೆ ಅದರ ಒಡಲೂ ಹೊರಳಲು ನೋಡುತ್ತದೆ. ಇವೆರಡೂ ಸೇರಿ ಬಲಗಡೆಯ ಮುಂದಿನ ಪಿನ್ನಿಗೆ ಹೆಚ್ಚಿನ ಪೆಟ್ಟು. ಕಾರನ್ನೆತ್ತಿ ನೋಡಿದರೆ ಅಲ್ಲಿಯೇ ತಗಡು ಸೀಳಿತ್ತು.

"ಇಷ್ಟಕ್ಕೆ ಎಲ್ಲ ಬಿಚ್ಚುವುದೇಕೆ? ಕೆಳಗಿನಿಂದಲೇ ವೆಲ್ಡಿಂಗ್ ಮಾಡಿಸಿ" ಎಂದೆ. ಹಿರಿಯರು ನಕ್ಕು ಟಾರ್ಚು ಹಿಡಿದು ತೋರಿಸಿದರು. ಹಿಂದಿನ ಮಾಲೀಕರು ಅದನ್ನೇ ಮಾಡಿಸಿದ್ದರು. ಹಳೆಯ ಬೆಸುಗೆ ಗಟ್ಟಿಯಾಗಿಯೇ ಇತ್ತು; ಅದರ ಪಕ್ಕದ ತಗಡು ಹರಿದಿತ್ತು!

ಈ ಸಲ ಸರಿಯಾದ ಕ್ರಮ ನಡೆಯಿತು. ಡಿಫರೆನ್ಷಿಯಲಿನ ಮೇಲ್ಗಡೆಯೇ ಪೆಟ್ರೋಲ್ ಟ್ಯಾಂಕು ಇರುವುದರಿಂದ ಮೊದಲು ಅದನ್ನು ಕಳಚಿ ದೂರವಿಟ್ಟರು. ಬ್ಯಾಟರಿಯ ತಂತಿ ಬಿಚ್ಚಿ, ಡಿಫರೆನ್ಷಿಯಲನ್ನು ಜಾಕಿನ ಮೇಲೆ ಕೆಳಗಿಳಿಸಿದರು. ತುಕ್ಕು, ಬಣ್ಣ, ಹಳೆಯ ಬೆಸುಗೆ ಎಲ್ಲ ಉಜ್ಜಿ ಲೋಹ ಹೊಳೆಯುವಂತೆ ಮಾಡಿ ಬಿರುಕು ಮುಚ್ಚಿದರು. ಅನಂತರ ದಪ್ಪ ತಗಡು ಕತ್ತರಿಸಿ, ಬ್ರಾಕೆಟ್ಟಿನ ತೆರೆದ ಬದಿಗಳನ್ನು ಪೆಟ್ಟಿಗೆಯಂತೆ ಮುಚ್ಚಿ ಬೆಸೆದರು. ಒಂದೇ ಬಿಂದುವಿನ ಭಾರ ಹೀಗೆ ಅಗಲಕ್ಕೆ ಹರಡುತ್ತದೆ. ಒಂದನ್ನು ಮಾತ್ರ ಬಲಪಡಿಸಿದರೆ ಪೆಟ್ಟು ಪಕ್ಕದ್ದಕ್ಕೆ ಬೀಳುವುದೆಂದು ನಾಲ್ಕನ್ನೂ ಹಾಗೆಯೇ ಮಾಡಿ, ಹೊಸ ಬುಷ್ ಹಾಕಿದರು. ಮೊಮ್ಮಗಳು ಓಡಿಸಿದ ದಿನ ನಾನೂ ಪಕ್ಕದಲ್ಲಿ ಕುಳಿತಿದ್ದೆ. ಸದ್ದು ಅಡಗಿತ್ತು.

ಊರಿಗೆ ಬಂದವನೇ ನನ್ನ ಜೀಪಿನ ಕೆಳಗೆ ನುಸುಳಿದೆ. ಗೇರ್‌ಬಾಕ್ಸಿನ ಮೌಂಟಿಂಗಿನಲ್ಲಿ ಬೆಸುಗೆಯ ಮೇಲೆ ಬೆಸುಗೆ, ಮೂರು ಪದರ! ಎಲ್ಲ ನಾನೇ ಮಾಡಿಸಿದ್ದು. ಅದೇ ಜೀಪಿನಲ್ಲಿ ಕಾರ್ಮಿಕರನ್ನೂ ಶಾಲೆಯ ಮಕ್ಕಳನ್ನೂ ಕೂರಿಸಿಕೊಂಡು ಘಾಟಿ ಇಳಿಯುತ್ತಿದ್ದೆ. ಮಾರನೆಯ ದಿನವೇ ಬಿಚ್ಚಿಸಿ ಸರಿಮಾಡಿಸಿದೆ.

ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ಕೊಯ್ಲಿನ ಸಾಗಾಟಕ್ಕೆ ಮುನ್ನ ಒಮ್ಮೆ ವಾಹನದ ಕೆಳಗೆ ನೋಡಿ. ಬಿರುಕು ಕಂಡರೆ, ಮುಚ್ಚಿಸುವ ಮೊದಲು ಅದು ಅಲ್ಲಿ ಏಕೆ ಬಿಟ್ಟಿತೆಂದು ಕೇಳಿ.

— ಕಾರ್ಯದರ್ಶಿ